ಡುವೊಲಿಂಗೊ ಸ್ಪ್ಯಾನಿಷ್: ಅಭಿಪ್ರಾಯ ಹೇಳಲು, ಹೋಲಿಸಲು ಎಷ್ಟರ ಮಟ್ಟಿಗೆ ಸಾಕು?

ಭಾಷೆ ಕಲಿಸುವ ಆ್ಯಪ್ ಡುವೊಲಿಂಗೊದಲ್ಲಿ ಇಂಗ್ಲಿಷ್ ಮೂಲಕ ಸ್ಪ್ಯಾನಿಷ್ ಕಲಿಯುವ ಕನ್ನಡಿಗರು ಕೈಯಲ್ಲಿರುವ ದೊಡ್ಡ ಅನುಕೂಲವೊಂದನ್ನು ಬಿಟ್ಟುಕೊಡುತ್ತಾರೆ. 'ಮೆ ಗುಸ್ತಾ ಎಲ್ ಕಫೆ'ಯನ್ನು 'ಐ ಲೈಕ್ ಕಾಫಿ' ಎಂದು ನೆನಪಿಟ್ಟುಕೊಂಡವರು ಮುಂದೆ 'ಯೊ ಗುಸ್ತೊ' ಎಂದು ತಪ್ಪು ಬರೆಯುತ್ತಾರೆ. 'ನನಗೆ ಕಾಫಿ ಇಷ್ಟವಾಗುತ್ತದೆ' ಎಂದು ಯೋಚಿಸಿದವರಿಗೆ ಈ ಗೊಂದಲವೇ ಇಲ್ಲ. ಇಲ್ಲಿ ಕರ್ತೃ ಕಾಫಿ, ನಾನಲ್ಲ. ಅದಕ್ಕೇ ಪುಸ್ತಕಗಳು ಇಷ್ಟವಾದರೆ 'ಮೆ ಗುಸ್ತಾನ್ ಲೋಸ್ ಲಿಬ್ರೋಸ್', ಬೆಲೆ ಹೆಚ್ಚು ಅನಿಸಿದರೆ 'ಮೆ ಪರೇಸೆನ್ ಕಾರೋಸ್'. ಆ್ಯಪಿನ ವಾಕ್ಯ ಕಂಡಾಗಲೆಲ್ಲ ಇಂಗ್ಲಿಷ್ ಬದಿಗಿಟ್ಟು ಕನ್ನಡದಲ್ಲಿ ಒಮ್ಮೆ ಹೇಳಿಕೊಳ್ಳಿ.

ಕಿವಿ ಪಳಗಿಸುವುದರಲ್ಲಿ, ಒಂದೇ ರಚನೆಯನ್ನು ಮತ್ತೆ ಮತ್ತೆ ಕೇಳಿಸುವುದರಲ್ಲಿ ಈ ಆ್ಯಪ್ ನಿಜಕ್ಕೂ ಚೆನ್ನಾಗಿದೆ. ಸೋಲುವುದು ನಿಯಮದ ವಿವರಣೆಯಲ್ಲಿ. ಪ್ರತಿ ಘಟಕಕ್ಕೂ ಇರುವ ಕೈಪಿಡಿ ಕೆಲವು ಮಾದರಿ ವಾಕ್ಯ, ಒಂದೆರಡು ಸೂಚನೆಗಳಲ್ಲಿ ಮುಗಿಯುತ್ತದೆ.

ಹೋಲಿಕೆಯಲ್ಲಿ ಈ ಕೊರತೆ ಎದ್ದು ಕಾಣುತ್ತದೆ. 'ಮಾದ್ರಿದ್ ಎಸ್ ಮಾಸ್ ಗ್ರಾಂದೆ ಕೆ ಸೆವಿಯಾ', ಸೆವಿಯಾಗಿಂತ ಮಾದ್ರಿದ್ ದೊಡ್ಡದು, ಇದು ಸುಲಭ. ನಮ್ಮ 'ಗಿಂತ' ಇದ್ದಲ್ಲಿ 'ಕೆ' ಬಂತು, ಅಷ್ಟೇ. ಆದರೆ ಸಂಖ್ಯೆ ಬಂದರೆ 'ಕೆ' ಹೋಗಿ 'ದೆ' ಬರಬೇಕು: ಹತ್ತು ಯೂರೋಗಿಂತ ಹೆಚ್ಚು ಅಂದರೆ 'ಮಾಸ್ ದೆ ದಿಯೆಸ್ ಏವುರೋಸ್'. 'ನೊ ತೆಂಗೊ ಮಾಸ್ ಕೆ ದಿಯೆಸ್ ಏವುರೋಸ್' ಎಂದೂ ಕೇಳಿಸುತ್ತದೆ, ಆದರೆ ಅದರ ಅರ್ಥವೇ ಬೇರೆ: ನನ್ನ ಹತ್ತಿರ ಇರುವುದು ಹತ್ತೇ ಯೂರೋ. ಹೋಲಿಕೆಯ ಎರಡನೇ ಭಾಗದಲ್ಲಿ ಇಡೀ ಉಪವಾಕ್ಯವಿದ್ದರೆ 'ದೆ ಲೊ ಕೆ': 'ಎಸ್ ಮಾಸ್ ದಿಫೀಸಿಲ್ ದೆ ಲೊ ಕೆ ಪರೇಸೆ', ಕಾಣುವುದಕ್ಕಿಂತ ಕಷ್ಟ. 'ಪ್ರೆಫಿಯೇರೊ' ಜೊತೆ 'ಕೆ' ಬೇಡ, 'ಆ' ಬೇಕು: 'ಪ್ರೆಫಿಯೇರೊ ಎಲ್ ತೆ ಆಲ್ ಕಫೆ', ಕಾಫಿಗಿಂತ ಚಹಾ ನನಗಿಷ್ಟ. 'ಮಾದ್ರಿದಿನ ಅತ್ಯುತ್ತಮ ಹೋಟೆಲು' ಎನ್ನುವಾಗ ಇಂಗ್ಲಿಷಿನ 'ಇನ್' ನೋಡಿ 'ಎನ್' ಹಾಕುವವರು ಬಹಳ; ಸರಿಯಾದದ್ದು ನಮ್ಮ ಷಷ್ಠಿಯ ಹಾಗೆ 'ದೆ'. 'ಅಷ್ಟೇ' ಎಂಬ ಸಮಾನತೆಗೆ ಗುಣವಾಚಕದ ಮುಂದೆ ಬದಲಾಗದ 'ತಾನ್', ನಾಮಪದದ ಮುಂದೆ ಲಿಂಗ ವಚನಕ್ಕೆ ತಕ್ಕಂತೆ ಬದಲಾಗುವ 'ತಾಂತೋಸ್ ಲಿಬ್ರೋಸ್', 'ತಾಂತಾಸ್ ಕಾಸಾಸ್'. ಎರಡಕ್ಕೂ ಕೊನೆಯಲ್ಲಿ 'ಕೋಮೊ'.

ಪರದೆಯ ಮೇಲೆ ಕೊಟ್ಟಿರುವ ಪದಗಳ ಅಚ್ಚುಗಳನ್ನು ಒತ್ತಿ ವಾಕ್ಯ ಕಟ್ಟುವ ಅಭ್ಯಾಸದಲ್ಲಿ ಈ ವ್ಯತ್ಯಾಸ ಯಾವುದೂ ಪರೀಕ್ಷೆಗೆ ಬೀಳುವುದಿಲ್ಲ. 'ದೆ' ಪರದೆಯ ಮೇಲೇ ಇರುತ್ತದೆ, 'ಕೆ' ಇಲ್ಲದಿದ್ದರೆ ತಪ್ಪು ಮಾಡುವುದಾದರೂ ಹೇಗೆ? ಅಚ್ಚುಗಳ ಬದಲು ಕೀಬೋರ್ಡ್ ಆಯ್ಕೆ ಕಾಣಿಸಿದಲ್ಲೆಲ್ಲ ಅದನ್ನೇ ಒತ್ತಿ. ತಪ್ಪುಗಳು ಹೆಚ್ಚುತ್ತವೆ, ಕಲಿಕೆ ಶುರುವಾಗುವುದು ಅಲ್ಲಿಂದಲೇ.

ಕನ್ನಡ ನೆರವಿಗೆ ಬಾರದ ಜಾಗವೂ ಒಂದಿದೆ. 'ಕ್ರೇಯೊ ಕೆ ಎಸ್ ಕಾರೊ', ದುಬಾರಿ ಅನಿಸುತ್ತದೆ. ನಿರಾಕರಿಸಿದ ಕೂಡಲೇ 'ಎಸ್' ಹೋಗಿ 'ಸೇಯಾ' ಆಗುತ್ತದೆ: 'ನೊ ಕ್ರೇಯೊ ಕೆ ಸೇಯಾ ಕಾರೊ'. ನಾವು 'ದುಬಾರಿ ಅಂತ ಅನಿಸೋದಿಲ್ಲ' ಎಂದು ಕೊನೆಯ ಪದವನ್ನಷ್ಟೇ ತಿರುಗಿಸುತ್ತೇವೆ. ಇನ್ನೂ ಸೂಕ್ಷ್ಮವಾದದ್ದು, 'ಮೆ ಪರೇಸೆ ಕೆ' (ನನಗೆ ಅನಿಸುತ್ತದೆ) ನಂತರ ಸಾಮಾನ್ಯ ರೂಪ, 'ಮೆ ಪರೇಸೆ ಬಿಯೆನ್ ಕೆ' ನಂತರ 'ಸೇಯಾ' ಥರದ ಕ್ರಿಯಾರೂಪವಾದ ಸಬ್‌ಜಂಕ್ಟಿವ್: 'ಮೆ ಪರೇಸೆ ಬಿಯೆನ್ ಕೆ ಬೆಂಗಾಸ್', ನೀನು ಬರುವುದು ನನಗೆ ಒಪ್ಪಿಗೆ. ಮೊದಲನೆಯದು ಸಂಗತಿಯನ್ನು ತಿಳಿಸುತ್ತದೆ, ಎರಡನೆಯದು ಅದಕ್ಕೆ ಬೆಲೆ ಕಟ್ಟುತ್ತದೆ. ಇಷ್ಟನ್ನು ಯಾರಾದರೂ ಬಾಯಿಬಿಟ್ಟು ಹೇಳಿಕೊಡಬೇಕು. ಉದಾಹರಣೆ ನೋಡಿ ಊಹಿಸಿಕೊಳ್ಳಲು ಬಿಡುವುದು ಅನ್ಯಾಯ.

ಯುರೋಪಿನ ಭಾಷಾ ಮಟ್ಟಗಳಲ್ಲಿ ಎರಡನೆಯದಾದ ಎ2 ಮಟ್ಟದವರೆಗೆ ಈ ಆ್ಯಪನ್ನು ಧೈರ್ಯವಾಗಿ ಬಳಸಬಹುದು. ಅದರ ಮುಂದಿನ ಮಟ್ಟದ ಸ್ಪ್ಯಾನಿಷ್ ಪ್ರಮಾಣಪತ್ರ ಪರೀಕ್ಷೆ, ದೇಲೆ ಬಿ1 ಬರೆಯುವವರು ಜೊತೆಗೆ ಒಂದು ವ್ಯಾಕರಣ ಪುಸ್ತಕ ಇಟ್ಟುಕೊಂಡು, ದಿನಕ್ಕೆ ಐದು ಅಭಿಪ್ರಾಯ ವಾಕ್ಯಗಳನ್ನು ಬರೆದು ಪ್ರತಿಯೊಂದನ್ನೂ ನಿಷೇಧರೂಪಕ್ಕೆ ತಿರುಗಿಸಲಿ. ಹಣ ಕೊಟ್ಟು ಆ್ಯಪಿನ 'ಸೂಪರ್' ಚಂದಾ ಕೊಂಡರೆ ಜಾಹೀರಾತು ಹೋಗುತ್ತದೆ, ಪಾಠಗಳು ಅವೇ.