ಕಾಕಾಗೆ ಕೀಮೋನಾ, ಗುಳಿಗೆನಾ?

ಆಳಂದದ ನಮ್ಮ ಕಾಕಾಗೆ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಮೂಳೆಗೆ ಹರಡಿತ್ತು. ಈ ಕ್ಯಾನ್ಸರನ್ನು ಬೆಳೆಸುವ ಗಂಡು ಹಾರ್ಮೋನ್ ಇಳಿಸುವ ಇಂಜೆಕ್ಷನ್ ಹೇಗೂ ಬೇಕೇ ಬೇಕು. ಅದರ ಜೊತೆಗೆ ಡೋಸಿಟ್ಯಾಕ್ಸೆಲ್ ಕೀಮೋನಾ, ಆ ಹಾರ್ಮೋನನ್ನು ಇನ್ನಷ್ಟು ತಡೆಯುವ ಅಬಿರಾಟೆರೋನ್ ಗುಳಿಗೆನಾ ಎಂದು ಡಾಕ್ಟರು ಕೇಳಿದರು.

ಕೀಮೋಗೆ ಒಂದು ಕೊನೆ ಇದೆ. ನನಗೆ ಹಿಡಿಸಿದ್ದು ಅದೇ. 3 ವಾರಕ್ಕೊಮ್ಮೆ ಸುಮಾರು ಒಂದು ಗಂಟೆಯ ಡ್ರಿಪ್, ಈ ಹಂತದಲ್ಲಿ ಸಾಮಾನ್ಯವಾಗಿ 6 ಸಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆ ಕಲಬುರಗಿಯಲ್ಲೇ ಇದೆ, ಪ್ರತಿಯೊಂದಕ್ಕೂ ಬೆಂಗಳೂರಿಗೆ ಓಡಬೇಕಿಲ್ಲ. ಆದರೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ ಇಳಿಯುತ್ತವೆ. ಜ್ವರ 100.4 ಡಿಗ್ರಿ ಮುಟ್ಟಿತೆಂದರೆ ನಡುರಾತ್ರಿಯಾದರೂ ಆಸ್ಪತ್ರೆ ಸೇರಬೇಕು, ಬೆಳಗಿನ ಬಸ್ಸಿಗೆ ಕಾಯುವಂತಿಲ್ಲ. ಹಳ್ಳಿಯವರು ಗಾಡಿಯ ವ್ಯವಸ್ಥೆ ಮೊದಲೇ ನೋಡಿಕೊಳ್ಳಿ. ಕೂದಲೂ ಉದುರುತ್ತದೆ, ಸದಾ ರುಮಾಲು ಸುತ್ತುವ ಕಾಕಾಗೆ ಅದರ ಚಿಂತೆ ಇರಲಿಲ್ಲ. ಬೆರಳು ಜುಮುಗುಟ್ಟಿದ್ದೇ ಕಷ್ಟವಾಯಿತು. ನಾಲ್ಕನೇ ಸಲ ಆದಮೇಲೆ ಅಂಗಿ ಗುಂಡಿ ಹಾಕಲು ಕಾಕೂನ ಕರೆಯುತ್ತಿದ್ದರು.

ಹೌದು, ಅವರು ಕೀಮೋನೇ ಆರಿಸಿಕೊಂಡರು.

ಗುಳಿಗೆ ಮನೆಯಲ್ಲೇ ನುಂಗಬಹುದು, ಕೂದಲೂ ಉಳಿಯುತ್ತದೆ. ಆದರೆ ಖಾಲಿ ಹೊಟ್ಟೆಯಲ್ಲೇ ತೊಗೋಬೇಕು, ಆಮೇಲೆ ಒಂದು ಗಂಟೆ ರೊಟ್ಟಿ ಮುಟ್ಟಬಾರದು. ಜೊತೆಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಗುಳಿಗೆಯೂ ಇರುವುದರಿಂದ ಶುಗರ್ ಏರಬಹುದು. ಬಿಪಿ, ಪೊಟ್ಯಾಸಿಯಂ, ಲಿವರ್ ಆಗಾಗ ಪರೀಕ್ಷೆ ಮಾಡಿಸಬೇಕು. ಗುಳಿಗೆ ಕೆಲಸ ಮಾಡುವಷ್ಟು ದಿನ ನಿಲ್ಲಿಸುವಂತಿಲ್ಲ, ಹಾಗಾಗಿ ಖರ್ಚೂ ತಿಂಗಳು ತಿಂಗಳು ಬರುತ್ತದೆ.

ವಯಸ್ಸಾಗಿ ಸೊರಗಿದವರಿಗೆ ನಾನಾದರೆ ಗುಳಿಗೆಯ ಕಡೆ ವಾಲುತ್ತೇನೆ. ಶುಗರ್, ಹೃದಯದ ತೊಂದರೆ ಇದ್ದರೆ ಡಾಕ್ಟರ ಹತ್ತಿರ ಮೊದಲೇ ಹೇಳಿ. ಗಟ್ಟಿಮುಟ್ಟಾಗಿದ್ದು ರೋಗ ಜಾಸ್ತಿ ಹರಡಿದ್ದರೆ ಎರಡನ್ನೂ ಕೊಡುವುದುಂಟು, ಅದನ್ನೂ ಕೇಳಿ ನೋಡಿ.