ರಾಣಿ ನನ್ನದು, ಅಂಕ ನನ್ನದು, ಆಟ ಮಾತ್ರ ಡ್ರಾ: ಹನ್ನೆರಡು ವರ್ಷ ಚೆಸ್ ಎಂಜಿನ್ ಬಳಸಿದ ಮೇಲೆ

ನನ್ನ ಹತ್ತಿರ ರಾಣಿ ಮತ್ತು ಮೂರು ಕಾಲಾಳು. ಎದುರಿಗೆ ಕೂತ ಗೆಳೆಯನ ಹತ್ತಿರ ಒಂದು ಆನೆ, ಒಂದು ಕುದುರೆ, ಅವನಿಗೂ ಮೂರು ಕಾಲಾಳು. ಆರು ಕಾಲಾಳುಗಳೂ ಹಲಗೆಯ ಒಂದೇ ಬದಿಯಲ್ಲಿ. ಎಷ್ಟು ಹೆಣಗಿದರೂ ಆಟ ಮುಂದೆ ಹೋಗಲಿಲ್ಲ, ಡ್ರಾ ಮಾಡಿಕೊಂಡೆವು. ಆಮೇಲೆ ಎಂಜಿನ್‌ಗೆ, ಅಂದರೆ ಚೆಸ್ ಆಡುವ, ಸ್ಥಿತಿಗೆ ಅಂಕ ಕೊಡುವ ಕಂಪ್ಯೂಟರ್ ಪ್ರೋಗ್ರಾಂಗೆ, ಹಾಕಿ ನೋಡಿದರೆ ನನ್ನ ಪರ ಪ್ಲಸ್ 1.8! ಗೆದ್ದ ಆಟವನ್ನು ಕೈಯಾರೆ ಬಿಟ್ಟುಕೊಟ್ಟೆನಲ್ಲ ಅಂತ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಗೆಳೆಯನಿಗೆ ಹೇಳಿದೆ. ಅವನು ನಕ್ಕುಬಿಟ್ಟ. "ಸರಿ ಬಿಡು, ನಿನ್ನ ಜಾಗದಲ್ಲಿ ಎಂಜಿನ್ನೇ ಆಡಲಿ. ನಾನು ಅದೇ ಆನೆ, ಅದೇ ಕುದುರೆ ಇಟ್ಕೊಂಡು ಕೂರ್ತೀನಿ. ಗೆಲ್ಲಲಿ ನೋಡೋಣ."

ಅವನೇನು ದೊಡ್ಡ ಆಟಗಾರನಲ್ಲ. ಕುದುರೆಗೆ ಕಾಲಾಳಿನ ಕಾವಲು, ಆನೆಗೆ ಕುದುರೆಯ ಕಾವಲು. ರಾಜ ಹಿಂದೆ ಕೂತು ಒಂದು ಮನೆ ಅತ್ತ, ಒಂದು ಮನೆ ಇತ್ತ. ಅಷ್ಟೇ ಅವನ ಆಟ. ಎಂಜಿನ್ ರಾಣಿಯನ್ನು ಊರೆಲ್ಲ ಸುತ್ತಿಸಿತು, ಚೆಕ್ ಮೇಲೆ ಚೆಕ್ ಕೊಟ್ಟಿತು. ಒಂದು ಕಾಲಾಳು ತಳ್ಳಿತು, ಅವನು ಹೊಡೆದು ತಾನೊಂದು ಕೊಟ್ಟ. ಕೊನೆಗೆ 50 ನಡೆ ಯಾರೂ ಕಾಲಾಳು ನಡೆಸಲಿಲ್ಲ, ಯಾರೂ ಏನೂ ಹೊಡೆಯಲಿಲ್ಲ. ಡ್ರಾ. ಪರದೆಯ ಮೇಲೆ ಅಂಕ ಇನ್ನೂ ಪ್ಲಸ್ಸೇ!

ಆ ದಿನದಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎರಡೂ ಕಡೆ ಕಾಯಿಗಳು ಬೇರೆ ಬೇರೆ ಜಾತಿಯವಾಗಿರುವ ಸ್ಥಿತಿಗಳನ್ನು ಅದರಲ್ಲಿ ಬರೆದುಕೊಳ್ಳುತ್ತೇನೆ. ಹೊಸ ಆವೃತ್ತಿ ಬಂದಾಗಲೆಲ್ಲ ಅವನ್ನೇ ಮತ್ತೆ ಓಡಿಸುತ್ತೇನೆ. 2013ರಿಂದ ಇಲ್ಲಿಯವರೆಗೆ ನಾಲ್ಕೈದು ಎಂಜಿನ್ ಬಳಸಿದ್ದೇನೆ. ಯಾವುದು ಎಲ್ಲಿ ಎಡವಿತು ಅಂತ ಹೆಸರಿಟ್ಟು ಹೇಳೋದು ಬೇಡ, ಈ ವಿಷಯದಲ್ಲಿ ಎಲ್ಲವೂ ಒಂದಲ್ಲ ಒಂದು ಸಲ ನನ್ನನ್ನು ದಾರಿ ತಪ್ಪಿಸಿವೆ.

ಮೊದಲು ಒಳ್ಳೆಯ ಮಾತು. ಎರಡೂ ಕಡೆ ಕಾಯಿಗಳು ಒಂದೇ ತರ ಇದ್ದರೆ ಎಂಜಿನ್‌ಗೆ ಎದುರಾಡುವ ಧೈರ್ಯ ನನಗಿಲ್ಲ. ಹೊಡೆದಾಟದ ಲೆಕ್ಕ, ಮೇಟ್, ನಾನು ಕಾಣದೆ ಬಿಟ್ಟ ಕಾಯಿ, ಎಲ್ಲ ಕ್ಷಣದಲ್ಲಿ ಹೇಳುತ್ತದೆ. ಅದೂ ಪುಕ್ಕಟೆ. ಇದರ ಬಗ್ಗೆ ಜಾಸ್ತಿ ಬರೆಯುವುದೇನಿಲ್ಲ.

ತಕರಾರು ಶುರುವಾಗೋದು ರಾಣಿಗೆ ಬದಲು ಮೂರು ಚಿಕ್ಕ ಕಾಯಿ (ಕುದುರೆ, ಒಂಟೆ), ಕುದುರೆಗೆ ಬದಲು ಮೂರು ಕಾಲಾಳು, ಆನೆಗೆ ಬದಲು ಒಂಟೆ ಅಂತ ವ್ಯವಹಾರ ನಡೆದಾಗ. ಆಗ ಎಂಜಿನ್ ಸೇಬನ್ನೂ ಹಲಸನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಒಂದೇ ಒಂದು ಸಂಖ್ಯೆ ಹೇಳಬೇಕು.

ಹಳೆಯ ಎಂಜಿನ್‌ಗಳು ಈ ತೂಕವನ್ನು ಮನುಷ್ಯರು ಬರೆದುಕೊಟ್ಟ ಪಟ್ಟಿ ನೋಡಿ ಮಾಡುತ್ತಿದ್ದವು. ನಾವೆಲ್ಲ ಮೊದಲು ಕಲಿತದ್ದು ಕಾಲಾಳಿಗೆ 1, ಕುದುರೆಗೆ 3, ಒಂಟೆಗೆ 3, ಆನೆಗೆ 5, ರಾಣಿಗೆ 9 ಅಂತ ಅಲ್ವಾ? ಅಮೆರಿಕದ ಚೆಸ್ ಆಟಗಾರ ಲ್ಯಾರಿ ಕೌಫ್‌ಮನ್ ದೊಡ್ಡ ಆಟಗಾರರ ರಾಶಿ ರಾಶಿ ಆಟಗಳನ್ನು ಜಾಲಾಡಿ 1999ರಲ್ಲಿ ಇದನ್ನು ತಿದ್ದಿದರು. ಕುದುರೆ, ಒಂಟೆ ಎರಡಕ್ಕೂ 3.25. ಆನೆಗೆ 5. ರಾಣಿಗೆ 9.75. ಎರಡೂ ಒಂಟೆ ಕೈಯಲ್ಲಿದ್ದರೆ ಮೇಲೆ ಅರ್ಧ ಕಾಲಾಳಿನಷ್ಟು ಬೋನಸ್. ಸ್ಟಾಕ್‌ಫಿಶ್ ಎಂಬ ಎಂಜಿನ್‌ನ ಹಳೆಯ ಆವೃತ್ತಿಗಳಲ್ಲಂತೂ ಯಾವ ಕಾಯಿ ಯಾವ ಕಾಯಿಯ ಜೊತೆ ಇದ್ದರೆ ಎಷ್ಟು ಕೂಡಬೇಕು, ಎಷ್ಟು ಕಳೆಯಬೇಕು ಅನ್ನೋದಕ್ಕೇ ಒಂದು ಕೋಷ್ಟಕ ಇತ್ತು. ಆ ಕಾಲದಲ್ಲಿ ನನ್ನ ನೋಟ್‌ಬುಕ್‌ನ ಒಂದು ಸ್ಥಿತಿಯನ್ನು, ರಾಣಿಗೆ ಎದುರಾಗಿ ಮೂರು ಚಿಕ್ಕ ಕಾಯಿ ಇರುವುದನ್ನು, ಎರಡು ಎಂಜಿನ್‌ಗಳಿಗೆ ಕೊಟ್ಟಿದ್ದೆ. ಒಂದು ಬಿಳಿ ಮೇಲು ಅಂದಿತು, ಇನ್ನೊಂದು ಕಪ್ಪು ಮೇಲು ಅಂದಿತು. ಎರಡೂ ಬಹಳ ಗಟ್ಟಿ ದನಿಯಲ್ಲೇ ಹೇಳಿದವು.

ಪಟ್ಟಿಯ ಲೆಕ್ಕ ಎಲ್ಲಿ ಕೈಕೊಡುತ್ತದೆ ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಒಂದಿದೆ. ಕಾಲಾಳು ಯಾವುದೂ ಇಲ್ಲ. ಒಂದು ಕಡೆ ಬರೀ ರಾಣಿ, ಇನ್ನೊಂದು ಕಡೆ ಎರಡು ಚಿಕ್ಕ ಕಾಯಿ. ಪಟ್ಟಿ ನೋಡಿದರೆ ಎರಡು ಕುದುರೆಯೂ 6.5, ಕುದುರೆ ಮತ್ತು ಒಂಟೆಯೂ 6.5. ಆದರೆ ಎರಡು ಕುದುರೆ ಇದ್ದವನು ಸಾಮಾನ್ಯವಾಗಿ ಡ್ರಾ ಮಾಡಿಕೊಳ್ಳುತ್ತಾನೆ, ಕುದುರೆ ಮತ್ತು ಒಂಟೆ ಇದ್ದವನು ಸಾಮಾನ್ಯವಾಗಿ ಸೋಲುತ್ತಾನೆ. ಬೋನಸ್ ಪಡೆಯುವ ಎರಡು ಒಂಟೆಯವನ ಗತಿಯೂ ಹೆಚ್ಚಾಗಿ ಸೋಲೇ!

ಇಲ್ಲಿ ಮನುಷ್ಯರ ಮಾನವನ್ನೂ ಸ್ವಲ್ಪ ಕಳೆಯಬೇಕು. ಎರಡು ಒಂಟೆ ಇದ್ದರೆ ಕೋಟೆ ಕಟ್ಟಿಕೊಂಡು, ಅಂದರೆ ಬಲ ಹೆಚ್ಚಿರುವ ಎದುರಾಳಿಯೂ ಒಳನುಗ್ಗಲಾಗದಂತೆ ಕಾಯಿ ಕೂರಿಸಿಕೊಂಡು, ಡ್ರಾ ಮಾಡಬಹುದು ಅಂತ 18ನೇ ಶತಮಾನದ ಚೆಸ್ ಲೇಖಕ ಲೋಲ್ಲಿಯ ಕಾಲದಿಂದ ಪಂಡಿತರು ನಂಬಿದ್ದರು. ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ಕಂಪ್ಯೂಟರ್‌ನಲ್ಲಿ ಪೂರ್ತಿ ಲೆಕ್ಕ ಹಾಕಿದಾಗ ರಾಣಿಯೇ ಗೆಲ್ಲುತ್ತಾಳೆ ಅಂತ ಗೊತ್ತಾಯಿತು, ಆದರೆ ಕೆಲವು ಸ್ಥಿತಿಯಲ್ಲಿ 71 ನಡೆ ಬೇಕು. 50 ನಡೆಯ ನಿಯಮ ಇದೆಯಲ್ಲ, ಹಾಗಾಗಿ ಅಂಥ ಗೆಲುವು ಕಾಗದದ ಮೇಲೆ ಮಾತ್ರ. ಆದ್ದರಿಂದ "ಇದು ಕೋಟೆ, ಪೆದ್ದು ಎಂಜಿನ್‌ಗೆ ಗೊತ್ತಿಲ್ಲ" ಅಂತ ನಾನೂ ಈಗ ಸುಮ್ನೆ ಹೇಳಿಬಿಡೋದಿಲ್ಲ. ನೋಟ್‌ಬುಕ್‌ನಲ್ಲಿ ನಾನು ಕೋಟೆ ಅಂತ ಬರೆದಿದ್ದ ಎರಡು ಸ್ಥಿತಿಗಳನ್ನು ಆಮೇಲೆ ಎಂಜಿನ್ ಒಡೆದು ತೋರಿಸಿದೆ. ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ.

ಇಂಥ ಕಡಿಮೆ ಕಾಯಿಯ ಸ್ಥಿತಿಗಳಿಗೆ ಈಗ ಸಿಜಿಜಿ ಟೇಬಲ್‌ಬೇಸ್ ಇದೆ, ಪ್ರತಿ ಸ್ಥಿತಿಯ ಫಲವನ್ನೂ ಮೊದಲೇ ಲೆಕ್ಕ ಹಾಕಿಟ್ಟ ಭಂಡಾರ. ರಾಜರೂ ಸೇರಿ ಏಳು ಕಾಯಿವರೆಗೆ ಅದು ಹೇಳಿದ್ದೇ ಕೊನೆಯ ಮಾತು. 2018ರಲ್ಲಿ ಏಳು ಕಾಯಿಯದು ಪೂರ್ತಿಯಾಯಿತು. ಸುಮಾರು 17 ಟೆರಾಬೈಟ್, ಮಾಮೂಲಿ ಕಂಪ್ಯೂಟರ್‌ನಲ್ಲಿ ಹಿಡಿಯೋ ಮಾತೇ ಇಲ್ಲ. ಆರು ಕಾಯಿಯದು 150 ಗಿಗಾಬೈಟ್ ಆಸುಪಾಸು, ಅದನ್ನು ನಾನು ಇಳಿಸಿಕೊಂಡಿದ್ದೇನೆ. ಇಳಿಸಿಕೊಂಡಿದ್ದು ಸಾರ್ಥಕ. ಆದರೆ ನನ್ನ ರಾಣಿ ಆಟವನ್ನೇ ನೋಡಿ, ಎರಡು ರಾಜ, ಆರು ಕಾಲಾಳು, ಮೂರು ದೊಡ್ಡ ಚಿಕ್ಕ ಕಾಯಿ, ಒಟ್ಟು ಹನ್ನೊಂದು. ಅಲ್ಲಿಗೆ ಟೇಬಲ್‌ಬೇಸ್‌ನ ಕೈ ಎಟುಕೋದಿಲ್ಲ. ನಾವು ಆಡುವ ಹೆಚ್ಚಿನ ಕೋಟೆಗಳು ಆ ಗಡಿಯ ಆಚೆಯೇ.

2020ರ ಸೆಪ್ಟೆಂಬರ್‌ನಲ್ಲಿ ಸ್ಟಾಕ್‌ಫಿಶ್ 12 ಬಂದಾಗ ನನಗೆ ಭಾರೀ ಆಸೆ ಇತ್ತು. ಅದರ ಒಳಗೆ ಎನ್‌ಎನ್‌ಯುಇ ಎಂಬ ನ್ಯೂರಲ್ ಜಾಲ ಸೇರಿತ್ತು. ಮೂಲದಲ್ಲಿ ಇದನ್ನು ಯು ನಾಸು 2018ರಲ್ಲಿ ಜಪಾನಿನ ಶೋಗಿ ಆಟಕ್ಕೆ ಕಟ್ಟಿದ್ದು. ಕಾಯಿಯ ಬೆಲೆಯ ಪಟ್ಟಿ ಬಹುಮಟ್ಟಿಗೆ ಹಿಂದೆ ಸರಿಯಿತು, ಕೋಟಿಗಟ್ಟಲೆ ಸ್ಥಿತಿಗಳಿಂದ ಕಲಿತ ಅಂದಾಜು ಬಂತು. ವ್ಯತ್ಯಾಸ ಕಣ್ಣಿಗೆ ಕಾಣುವಂತಿತ್ತು. ಅದರಲ್ಲೂ ಆನೆ ಕೊಟ್ಟು ಚಿಕ್ಕ ಕಾಯಿ ತೆಗೆದುಕೊಳ್ಳುವ ಆಟಗಳಲ್ಲಿ. 1953ರ ಜ್ಯೂರಿಕ್ ಟೂರ್ನಿಯಲ್ಲಿ ರೆಶೆವ್ಸ್ಕಿ ಎದುರು ಪೆಟ್ರೋಸಿಯನ್ ಆನೆಯನ್ನು ಇ6 ಮನೆಗೆ ತಂದು ಒಂಟೆಯ ಬಾಯಿಗೆ ಇಟ್ಟರಲ್ಲ, ಅಂಥ ಆಟ. ಕುದುರೆ ಇ7 ಹಾದು ಡಿ5ಕ್ಕೆ ಬಂದು ಬಿಳಿಯ ಕಾಲಾಳುಗಳಿಗೆ ಅಡ್ಡ ಕೂತಿತು, ಆನೆ ಹೋದ ನೋವೇ ಇರಲಿಲ್ಲ. ಈ ತರದ ಬಲಿದಾನವನ್ನು ಹಳೆಯ ಎಂಜಿನ್‌ಗಳು ತಪ್ಪು ಅಂತ ಕೆಂಪು ಬಳಿಯುತ್ತಿದ್ದವು. ನನ್ನ ನೋಟ್‌ಬುಕ್‌ನ ಇಂಥ ಸ್ಥಿತಿಗಳಲ್ಲಿ ಹೆಚ್ಚಿನವನ್ನು ಹೊಸ ಎಂಜಿನ್‌ಗಳು ಸರಿಯಾಗಿ ಅಂದಾಜು ಮಾಡುತ್ತವೆ. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಕೋಟೆ ಮಾತ್ರ ಹಾಗೇ ಉಳಿಯಿತು. ಯಾಕೆ ಅಂತ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಜಾಲ ಕಲಿಯುವುದು ತಾನು ನೋಡಿದ ಆಟಗಳಿಂದ. ರಾಣಿಗೆ ಆನೆ ಮತ್ತು ಕುದುರೆ, ರಾಣಿಗೆ ಮೂರು ಚಿಕ್ಕ ಕಾಯಿ, ಇವೆಲ್ಲ ಮಾಮೂಲಿ ಆಟಗಳಲ್ಲಿ ಅಪರೂಪ. ಕಡಿಮೆ ನೋಡಿದ್ದರ ಬಗ್ಗೆ ಅಂದಾಜೂ ಒರಟು. ಅದಕ್ಕಿಂತ ದೊಡ್ಡ ತೊಡಕು ಹುಡುಕಾಟದ್ದು. ಕೋಟೆಯೊಳಗೆ ಇಪ್ಪತ್ತು ನಡೆ ಮುಂದೆ ನೋಡಿದರೂ ರಾಣಿ ಇನ್ನೂ ರಾಣಿಯೇ, ಆನೆ ಇನ್ನೂ ಆನೆಯೇ. ಕೊನೆಗೆ ತಲುಪಿದ ಸ್ಥಿತಿಗೂ ಮತ್ತೆ ಪ್ಲಸ್ 1.8 ಅಂತಲೇ ಬರುತ್ತದೆ. ದಾರಿ ಮುಚ್ಚಿದೆ ಅಂತ ಹೇಳೋದಕ್ಕೆ ಅಲ್ಲಿ ಯಾರೂ ಇಲ್ಲ.

ಸ್ಟಾಕ್‌ಫಿಶ್ ಕಟ್ಟುವವರು ಇದಕ್ಕೆ ಒಂದು ಚಿಕ್ಕ ಮದ್ದು ಇಟ್ಟಿದ್ದಾರೆ. ಕಾಲಾಳು ಕದಲದೆ, ಕಾಯಿ ಹೊಡೆಯದೆ ನಡೆಗಳು ಕಳೆದಂತೆ ಅಂಕವನ್ನು ತುಸು ತುಸುವೇ ಇಳಿಸುವ ಲೆಕ್ಕ ಅದು. ಇದರಿಂದ ನನಗೊಂದು ಉಪಯೋಗ ಸಿಕ್ಕಿತು. ಹಲಗೆಯ ಮೇಲೆ ಏನೂ ಬದಲಾಗದೆ ಅಂಕ ಮಂಜುಗಡ್ಡೆಯ ಹಾಗೆ ಕರಗುತ್ತಿದ್ದರೆ ಅದು ಕೋಟೆ ಅಂತ ಅನುಮಾನ ಪಡುತ್ತೇನೆ. ಇನ್ನೊಂದು ಗುರುತೂ ಇದೆ. ಒಂದೇ ನಡೆ ತೋರಿಸುವ ಬದಲು ಐದು ನಡೆ ತೋರಿಸು ಅಂತ ಕೇಳಿ. ಐದಕ್ಕೂ ಒಂದೇ ಅಂಕ ಬಂದರೆ, ಅದೂ ರಾಣಿ ಸುಮ್ಮನೆ ಅಡ್ಡಾಡುವ ನಡೆಗಳಾಗಿದ್ದರೆ, ಎಂಜಿನ್‌ಗೆ ಮುಂದಿನ ದಾರಿ ಗೊತ್ತಿಲ್ಲ ಅಂತಲೇ ಅರ್ಥ. ಇವೆರಡೂ ಸಾಲದಿದ್ದರೆ ಎಂಜಿನ್ನನ್ನು ಎಂಜಿನ್ ಮೇಲೇ ಬಿಟ್ಟು ಆಡಿಸಿ ನೋಡುತ್ತೇನೆ. ಸಮಯ ಹಿಡಿಯುತ್ತದೆ, ಆದರೆ ಇದರಷ್ಟು ಪ್ರಾಮಾಣಿಕ ಉತ್ತರ ಬೇರೆ ಸಿಕ್ಕಿಲ್ಲ.

ತಮಾಷೆಯ ತುದಿಗೆ ಹೋಗಬೇಕೆಂದರೆ ಭೌತವಿಜ್ಞಾನಿ ರೋಜರ್ ಪೆನ್‌ರೋಸ್ ಹೆಸರಿನ ಸಂಸ್ಥೆ 2017ರಲ್ಲಿ ಮುಂದಿಟ್ಟ ಸ್ಥಿತಿ ನೋಡಿ. ಬಿಳಿಗೆ ರಾಜ ಮತ್ತು ನಾಲ್ಕು ಕಾಲಾಳು. ಕಪ್ಪಿಗೆ ಐದು ಕಾಲಾಳಿನ ಜೊತೆ ರಾಣಿ, ಎರಡು ಆನೆ, ಮೂರು ಒಂಟೆ. ಮೂರು ಒಂಟೆಯೂ ಕಪ್ಪು ಮನೆಯವೇ. ರಾಣಿ, ಆನೆಗಳು ಮೂಲೆಯಲ್ಲಿ ತಮ್ಮದೇ ಕಾಲಾಳುಗಳ ನಡುವೆ ಸಿಕ್ಕಿಕೊಂಡಿವೆ. ಬಿಳಿ ರಾಜ ಬಿಳಿ ಮನೆಗಳ ಮೇಲೆ ಓಡಾಡಿಕೊಂಡಿದ್ದರೆ ಆಯಿತು, ಯಾರೂ ಏನೂ ಮಾಡೋಕಾಗಲ್ಲ. ಆಟ ಬಲ್ಲವರು ಸ್ವಲ್ಪ ಹೊತ್ತಿನಲ್ಲೇ ನಗುತ್ತಾರೆ. ಆಗಿನ ಎಂಜಿನ್‌ಗಳು ಕಪ್ಪಿಗೆ ಭಾರೀ ಗೆಲುವು ಅಂದವು. ಇದು ಬೇಕಂತಲೇ ಕಟ್ಟಿದ ಸ್ಥಿತಿ, ನಿಜವಾದ ಆಟದಲ್ಲಿ ಬರೋದಿಲ್ಲ ಅನ್ನಬಹುದು. ಒಪ್ಪುತ್ತೇನೆ. ಆದರೆ 2008ರಲ್ಲಿ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ನಕಮುರಾ ರಿಬ್ಕಾ ಎಂಜಿನ್ ಎದುರು ಆಡಿದ ಮೂರು ನಿಮಿಷದ ಆಟ ನಿಜವಾದದ್ದೇ. ಸ್ಥಿತಿಯನ್ನು ಬಿಗಿಯಾಗಿ ಮುಚ್ಚಿ, ಕಾಯಿಯ ಲೆಕ್ಕದಲ್ಲಿ ಎಂಜಿನ್ ಮೇಲಿರುವಂತೆ ಬಿಟ್ಟು ಅವರು ಸುಮ್ಮನೆ ಕಾದರು. ತಾನು ಮೇಲಿದ್ದೇನೆ ಅಂದುಕೊಂಡ ಎಂಜಿನ್‌ಗೆ 50 ನಡೆಯ ಡ್ರಾ ಬೇಡ. ಅದನ್ನು ತಪ್ಪಿಸಲು ತಾನೇ ಕೋಟೆ ಬಾಗಿಲು ತೆಗೆಯಿತು, ಸೋತಿತು. 270 ನಡೆಯ ಆಸುಪಾಸಿನ ಆಟ. ಕೊನೆಯಲ್ಲಿ ನಕಮುರಾ ಕಾಲಾಳುಗಳನ್ನು ರಾಣಿ ಮಾಡದೆ ಒಂಟೆ ಮಾಡಿಕೊಂಡು ಆಟ ಮುಗಿಸಿದರು. ಅಷ್ಟು ಕೊಬ್ಬು ಅವರಿಗೆ ಒಪ್ಪುತ್ತದೆ ಬಿಡಿ.

ತಪ್ಪು ಪೂರ್ತಿ ಎಂಜಿನ್ನಿನದ್ದೇ ಅಲ್ಲ ಅಂತ ನನಗೆ ಗೊತ್ತಾಗಿದ್ದು ತಡವಾಗಿ. ಪ್ಲಸ್ 1.8 ಅಂದರೆ 1.8 ಕಾಲಾಳು ಅಂತ ನಾನು ಓದುತ್ತಿದ್ದೆ. 2022ರ ಡಿಸೆಂಬರ್‌ನಲ್ಲಿ ಬಂದ ಸ್ಟಾಕ್‌ಫಿಶ್ 15.1ರಿಂದ ಆ ಅರ್ಥವೇ ಬದಲಾಗಿದೆ. ಈಗ ಪ್ಲಸ್ 1 ಅಂದರೆ ಅಷ್ಟೇ ಬಲದ ಎದುರಾಳಿಯ ಮೇಲೆ ಗೆಲ್ಲುವ ಸಾಧ್ಯತೆ 50 ಪ್ರತಿಶತ ಅಂತ. ಅಂದರೆ ಅದು ಕಾಯಿಯ ತೂಕವಲ್ಲ, ಬಾಜಿಯ ದರ. ಆ ದರವೂ ಬಗೆಬಗೆಯ ಸ್ಥಿತಿಗಳನ್ನು ಒಟ್ಟಿಗೆ ಕಲಸಿ ತೆಗೆದದ್ದು, ನನ್ನ ವಿಚಿತ್ರ ಸ್ಥಿತಿಗೆಂದೇ ಅಳೆದದ್ದಲ್ಲ.

2024ರ ಫೆಬ್ರವರಿಯ 16.1ರಲ್ಲಿ ಇನ್ನೊಂದು ಕುತೂಹಲದ ಸಂಗತಿ ಬಂತು. ಒಂದರ ಬದಲು ಎರಡು ಜಾಲ. ಕಾಯಿಗಳನ್ನು ಸುಮ್ಮನೆ ಕೂಡಿ ನೋಡಿದಾಗ ತೂಕ ಒಂದೇ ಕಡೆ ವಾಲಿದ್ದರೆ, ಸುಲಭದ ಸ್ಥಿತಿ ಅಂದುಕೊಂಡು ಚಿಕ್ಕ ಜಾಲಕ್ಕೆ ಕೊಡುತ್ತದೆ. ವೇಗಕ್ಕಾಗಿ ಮಾಡಿದ್ದು, ಹೆಚ್ಚಿನ ಸಲ ಸರಿಯೇ. ಆದರೆ ಕೋಟೆ ಅನ್ನೋದು ಹುಟ್ಟುವುದೇ ತೂಕ ವಾಲಿದ ಜಾಗದಲ್ಲಿ. ಇದನ್ನು ಓದಿದ ದಿನ ಗೆಳೆಯನಿಗೆ ಫೋನ್ ಮಾಡಿ ಹೇಳಿದ್ದೆ, ಅವನು ಮತ್ತೆ ನಕ್ಕ.

ಎರಡನೇ ಅಭಿಪ್ರಾಯಕ್ಕೆ ಲೀಲಾ ಎಂಜಿನ್ ಇಟ್ಟುಕೊಂಡಿದ್ದೇನೆ. ಗೆಲುವು, ಡ್ರಾ, ಸೋಲು ಮೂರನ್ನೂ ಅದು ಬಿಡಿಸಿ ಹೇಳುತ್ತದೆ. ಸ್ಟಾಕ್‌ಫಿಶ್‌ನಲ್ಲೂ ಆ ಆಯ್ಕೆ ಇದೆ, ಸೆಟ್ಟಿಂಗ್‌ನಲ್ಲಿ ಹುಡುಕಿ ಹಾಕಿಕೊಳ್ಳಬೇಕು. ಕಾಯಿಗಳು ಬೇರೆ ಬೇರೆ ಇರುವಾಗ ಎರಡು ಎಂಜಿನ್ ಜಗಳವಾಡಿದರೆ ನನಗೆ ಖುಷಿ. ಅಲ್ಲೇ ಏನೋ ಕಲಿಯೋದಿದೆ ಅಂತ.

ಕಿರಿಕಿರಿ ಅಂದರೆ ಆಟ ಮುಗಿದ ಮೇಲೆ ತಾನಾಗಿ ಬರುವ ವಿಮರ್ಶೆಯದು. ಒಂದು ಸಲ ಕುದುರೆ ಕೊಟ್ಟು ಮೂರು ಕಾಲಾಳು ತೆಗೆದುಕೊಂಡು ಚೆನ್ನಾಗಿ ಗೆದ್ದಿದ್ದೆ. ವಿಮರ್ಶೆ ಆ ನಡೆಗೆ ದೊಡ್ಡ ತಪ್ಪು ಅಂತ ಮುದ್ರೆ ಒತ್ತಿತ್ತು. ಅದೇ ಸ್ಥಿತಿಯನ್ನು ಇನ್ನಷ್ಟು ಹೊತ್ತು ಓಡಿಸಿದಾಗ ವ್ಯತ್ಯಾಸ ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. ಮುದ್ರೆ ಮಾತ್ರ ಹಾಗೇ ಇದೆ. ಹೊಸದಾಗಿ ಕಲಿಯುವವರು ಇದನ್ನು ನೋಡಿ ಬಲಿದಾನ ಕೊಡೋದನ್ನೇ ಬಿಡುತ್ತಾರೆ ಅನ್ನೋದು ನನ್ನ ಬೇಸರ.

ಸಮ ಕಾಯಿಯ ಆಟಕ್ಕೆ ಐದರಲ್ಲಿ ಐದು. ಬಲಿದಾನದ ಆಟಕ್ಕೆ ನಾಲ್ಕು, ಹತ್ತು ವರ್ಷದ ಹಿಂದೆ ಕೇಳಿದ್ದರೆ ಎರಡು ಅನ್ನುತ್ತಿದ್ದೆ. ಕೋಟೆಗೆ ಎರಡೂವರೆ. ಆ ಅರ್ಧ ಅಂಕ ನನ್ನ ಎರಡು ಸುಳ್ಳು ಕೋಟೆಗಳನ್ನು ಒಡೆದಿದ್ದಕ್ಕೆ.

ನೋಟ್‌ಬುಕ್‌ನ ಮೊದಲ ಪುಟದಲ್ಲಿ ಈಗಲೂ ಅದೇ ರಾಣಿ ಆಟ ಇದೆ. ಪಕ್ಕದಲ್ಲಿ ಅಂಕಗಳ ಸಾಲು, ಒಂದರ ಕೆಳಗೆ ಒಂದು, ಪ್ರತಿ ಆವೃತ್ತಿಗೂ ಒಂದು. ಇಳಿಯುತ್ತಾ ಬಂದಿದೆ, ಇನ್ನೂ ಸೊನ್ನೆ ಮುಟ್ಟಿಲ್ಲ. ಮುಟ್ಟಿದ ದಿನ ಊಟ ಕೊಡಿಸ್ತೀನಿ ಅಂತ ಗೆಳೆಯ ಹೇಳಿ ಎಷ್ಟೋ ವರ್ಷವಾಯಿತು.