ಪ್ಲಿಕರ್ಸ್ ಕಾರ್ಡು, ಎರಡು ವರ್ಷದ ಮೇಲೆ: ಲ್ಯಾಮಿನೇಷನ್ ಮಾತ್ರ ಬೇಡ

ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು. ಪ್ಲಿಕರ್ಸ್ ಅಂದರೆ ಕಪ್ಪು ಗುರುತಿನ ಕಾಗದದ ಕಾರ್ಡು: ಹುಡುಗರು ಉತ್ತರದ ಬದಿ ಮೇಲೆ ಬರುವಂತೆ ಎತ್ತಿ ಹಿಡಿಯುತ್ತಾರೆ, ನನ್ನ ಮೊಬೈಲಿನ ಆ್ಯಪ್ ಕ್ಯಾಮೆರಾದಿಂದ ಅದನ್ನು ಓದಿ ಯಾರ ಉತ್ತರ ಏನು ಅಂತ ಬರೆದುಕೊಳ್ಳುತ್ತದೆ.

ನಾನು ಮಾಡಿಸಿದೆ. ನಮ್ಮ ಬಿಎಸ್ಸಿ ಕ್ಲಾಸಿನಲ್ಲಿ 52 ಜನ. 40 ಕಾರ್ಡಿನ ಸೆಟ್ ಸಾಲದು, 63ರದ್ದೇ ಬೇಕು. ಪ್ರಿಂಟು, ಲ್ಯಾಮಿನೇಷನ್ ಎಲ್ಲಾ ಸೇರಿ 700 ರೂಪಾಯಿ. ಅತಿಥಿ ಉಪನ್ಯಾಸಕನ ಜೇಬಿಗೆ ಅದು ಜಾಸ್ತಿಯೇ. ಮರುದಿನ ಹುಡುಗರು ಕಾರ್ಡು ಎತ್ತಿ ಹಿಡಿದರು, ನಾನು ಮೊಬೈಲ್ ತಿರುಗಿಸಿದೆ. ಕಿಟಕಿ ಸಾಲಿನ ಒಂದು ಕಾರ್ಡನ್ನೂ ಅದು ಓದಲಿಲ್ಲ. ರಾಯಚೂರಿನ ಬಿಸಿಲು ಗೊತ್ತಲ್ವಾ, ಪ್ಲಾಸ್ಟಿಕ್ ಮೇಲೆ ಬಿದ್ದು ಕನ್ನಡಿ ಥರ ಹೊಡೆಯುತ್ತಿತ್ತು. ಕಿಟಕಿ ಮುಚ್ಚಿದರೆ ಸೆಕೆ. ಒಂದು ತಿಂಗಳು "ಸ್ವಲ್ಪ ವಾಲಿಸ್ರಿ, ಇನ್ನೊಂಚೂರು" ಅನ್ನುವುದರಲ್ಲೇ ಹೋಯಿತು.

ದಸರಾ ರಜೆ ಮುಗಿಸಿ ಬಂದವರೇ ಎಲ್ಲರೂ ಒಂದೊಂದು ಹಳೇ ನೋಟ್‌ಬುಕ್ಕಿನ ರಟ್ಟು ತಂದರು. ಮತ್ತೆ ಪ್ರಿಂಟು ತೆಗೆಸಿ ಅದಕ್ಕೆ ಅಂಟಿಸಿದೆವು. ಅಲ್ಲಿಂದ ಸರಿಹೋಯಿತು. ಕಪ್ಪು ಗುರುತಿನ ಮೇಲೆ ಬೆರಳಿಡುವವರು ಮಾತ್ರ ಇನ್ನೂ ಇದ್ದಾರೆ.

ಈಗ ದಿನಾ ಬೆಳಿಗ್ಗೆ ಕಾರ್ಡಿನ ಕಟ್ಟು ಮುಂದಿನ ಬೆಂಚಿನ ಮೇಲಿರುತ್ತದೆ. ರೋಲ್ ನಂಬರೇ ಕಾರ್ಡ್ ನಂಬರು. ಬಸ್ಸಿಳಿದು ಬಂದವರು ತಮ್ಮದನ್ನು ಎತ್ತಿಕೊಂಡು ಕೂರುತ್ತಾರೆ. ಹುಡುಗರ ಹತ್ತಿರ ಫೋನ್ ಬೇಡ, ಡೇಟಾ ಬೇಡ, ನನ್ನದೊಂದು ಇದ್ದರೆ ಸಾಕು. ಪ್ರೊಜೆಕ್ಟರ್ ನಂಬಿ ಕೂರುವ ಹಾಗಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದ್ದರೂ ನಮ್ಮ ಕೋಣೆಗೆ ಕರೆಂಟು ಬರುವುದು ಅದಕ್ಕೆ ಮನಸ್ಸಾದಾಗ. ಪ್ರಶ್ನೆಯನ್ನು ಬೋರ್ಡಿನ ಮೇಲೇ ಬರೆಯುತ್ತೇನೆ.

ಹೋದ ವಾರದ ಪ್ರಶ್ನೆ: ಮೇಲಕ್ಕೆ ಎಸೆದ ಕಲ್ಲು ತುತ್ತತುದಿಯಲ್ಲಿ ಇದ್ದಾಗ ಅದರ ವೇಗೋತ್ಕರ್ಷ (ವೇಗ ಬದಲಾಗುವ ದರ) ಎಷ್ಟು? ಸರಿ ಉತ್ತರ ಕೊಟ್ಟವರು 19 ಜನ. ಉಳಿದವರಲ್ಲಿ ಹೆಚ್ಚಿನವರು ಸೊನ್ನೆ ಅಂದರು. ನಾನು ಉತ್ತರ ಹೇಳಲಿಲ್ಲ. ಪಕ್ಕದವರ ಜೊತೆ ಜಗಳ ಆಡಿ ಅಂದೆ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1991ರಲ್ಲಿ ಶುರು ಮಾಡಿದ ದಾರಿ ಇದು: ಒಮ್ಮೆ ಉತ್ತರ, ಪಕ್ಕದವರ ಜೊತೆ ಮಾತು, ಮತ್ತೊಮ್ಮೆ ಉತ್ತರ. "ಲೇ, ಕಲ್ಲು ನಿಂತೈತಿ ನಿಜ, ಎಳಿಯೋದು ನಿಂತೈತೇನು?" ಅಂತ ಹಿಂದಿನಿಂದ ಒಂದು ದನಿ ಬಂತು. ವರ್ಷವಿಡೀ ಬಾಯಿ ಬಿಡದ ಹುಡುಗಿ ಅದು. ಎರಡನೇ ಸಲ 43 ಜನ 9.8 ಮೀ/ಸೆ² ಅಂದರು, ದಿಕ್ಕು ಕೆಳಕ್ಕೆ. ಅದೇ ಸರಿ.

ಆಕೆಯ ಕಾರ್ಡು ಮೊದಲಿನಿಂದಲೂ ಸರಿಯಾಗಿಯೇ ಇರುತ್ತಿತ್ತು. ನನ್ನ ಫೋನಿಗೆ ಗೊತ್ತಿತ್ತು, ನಾನೇ ಗಮನಿಸಿರಲಿಲ್ಲ. ಕೈ ಎತ್ತಿಸುವುದರಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಎಲ್ಲರೂ ಜಾಣರ ಕೈ ನೋಡಿ ಎತ್ತುತ್ತಾರೆ. ಇಲ್ಲಿ ಕಾರ್ಡಿನ ಯಾವ ಬದಿ ಮೇಲಿದೆಯೋ ಅದೇ ಉತ್ತರ, ಪಕ್ಕದವರು ಸುಲಭಕ್ಕೆ ಪತ್ತೆ ಮಾಡಲಾರರು.

ಭಾನುವಾರದ ಆನ್‌ಲೈನ್ ಕ್ಲಾಸಿಗೆ ಕಾರ್ಡು ಬಳಸುವುದಿಲ್ಲ. ಕ್ಯಾಮೆರಾ ಹಾಕಿ ಅಂದರೆ ಸುಮ್ನೆ ಡೇಟಾ ಖರ್ಚು. ಉತ್ತರವನ್ನು ಚಾಟ್‌ನಲ್ಲಿ ಟೈಪ್ ಮಾಡಿ ಇಟ್ಟುಕೊಳ್ಳಬೇಕು, ನಾನು "ಒತ್ರಿ" ಅಂದಾಗ ಎಲ್ಲರೂ ಒಟ್ಟಿಗೆ ಕಳಿಸಬೇಕು. ನಕಲಿಗೆ ಸಮಯವೇ ಸಿಗುವುದಿಲ್ಲ. ಖರ್ಚೂ ಇಲ್ಲ.

ಒಂದೇ ಒಂದು ಕಿರಿಕಿರಿ ಉಳಿದಿದೆ. ಕಾರ್ಡು ನೋಡಿ ಹಾಜರಿ ಹಾಕುತ್ತೇನೆ ಅಂತ ಗೊತ್ತಾದ ಮೇಲೆ ಕೆಲವರು ಎರಡೂ ಕೈಯಲ್ಲಿ ಒಂದೊಂದು ಎತ್ತುತ್ತಿದ್ದಾರೆ. ಫೋನು ಎರಡನ್ನೂ ಓದುತ್ತದೆ. ಹಾಗಾಗಿ ಕಾರ್ಡಿನ ಜೊತೆ ತಲೆಯನ್ನೂ ಎಣಿಸುತ್ತೇನೆ.